ಚಿಪ್ ಪರೀಕ್ಷೆಗೂ ಬಂದಿವೆ ಮುಕ್ತ ಭಾಷೆಗಳು: ದಾವಣಗೆರೆಯ ವಿದ್ಯಾರ್ಥಿಗೆ ಏನು ಲಾಭ?

ದಾವಣಗೆರೆ: ಯಂತ್ರ ತಯಾರಿಸಿದವರೇ ಅದರ ತಪಾಸಣೆಯನ್ನೂ ಮಾಡಬಾರದು ಎಂಬುದು ಕಾರ್ಖಾನೆಗಳ ಹಳೆಯ ನಿಯಮ. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಇಲ್ಲ. ಆದರೆ ಗೇಜು, ಮೈಕ್ರೋಮೀಟರ್ ಹಿಡಿದು ಕೂದಲೆಳೆಯ ವ್ಯತ್ಯಾಸವನ್ನು ಪತ್ತೆ ಮಾಡುವ ತಪಾಸಣೆಯ ಕಸುಬು ಎಂಥದ್ದೆಂಬುದನ್ನು ಇಲ್ಲಿನ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕಸುಬು ಈಗ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿ ಬೇರೊಂದು ರೂಪದಲ್ಲಿ ಬೆಳೆದು ನಿಂತಿದೆ. ಚಿಪ್ ಒಂದರ ವಿನ್ಯಾಸ ಸಿದ್ಧವಾದ ಮೇಲೆ, ಅದು ತಯಾರಿಕೆಗೆ ಹೋಗುವ ಮುನ್ನವೇ ಗಣಕಯಂತ್ರದಲ್ಲಿ ಅದರ ತಪ್ಪುಗಳನ್ನು ಹುಡುಕುವ ಈ ಕೆಲಸಕ್ಕೆ 'ವೆರಿಫಿಕೇಷನ್', ಅಂದರೆ ವಿನ್ಯಾಸ ಪರಿಶೀಲನೆ ಎಂದು ಹೆಸರು. ಇದಕ್ಕೆ ಬೇಕಾದ ಭಾಷೆಗಳು ಹಾಗೂ ತಂತ್ರಾಂಶಗಳು ಬಹುಕಾಲ ದೊಡ್ಡ ಕಂಪನಿಗಳ ಕಚೇರಿಗಳೊಳಗೆ ಮಾತ್ರ ಲಭ್ಯವಿದ್ದವು. ಈಗ ಅವುಗಳಲ್ಲಿ ಒಂದು ಭಾಗ ಮುಕ್ತವಾಗಿ ಯಾರಿಗೆ ಬೇಕಾದರೂ ಸಿಗುತ್ತಿದೆ. ಬೆಂಗಳೂರಿನಿಂದ ಸುಮಾರು 260 ಕಿ.ಮೀ. ದೂರದಲ್ಲಿರುವ ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಈ ಬದಲಾವಣೆ ಏಕೆ ಮುಖ್ಯ ಎಂಬುದರ ವಿವರ ಇಲ್ಲಿದೆ.

ಕೆತ್ತಿದ ಮೇಲೆ ತಿದ್ದುವಂತಿಲ್ಲ

ಲೇತ್‌ನಲ್ಲಿ ತಯಾರಾದ ಶಾಫ್ಟು ಒಂದೆಳೆ ದಪ್ಪವಾಗಿದ್ದರೆ ಮತ್ತೊಮ್ಮೆ ಕಡಿಯಬಹುದು. ತಂತ್ರಾಂಶದಲ್ಲಿ ದೋಷ ಕಂಡರೆ ತಿದ್ದಿದ ಆವೃತ್ತಿಯನ್ನು ಮರುದಿನವೇ ಕಳುಹಿಸಬಹುದು. ಚಿಪ್‌ಗೆ ಈ ಎರಡೂ ಅವಕಾಶಗಳಿಲ್ಲ. ವಿನ್ಯಾಸವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸಲು 'ಮಾಸ್ಕ್' ಎಂಬ ಅಚ್ಚುಗಳ ಸರಣಿಯೇ ಬೇಕು. ಆಧುನಿಕ ಚಿಪ್‌ಗಳಲ್ಲಿ ಈ ಅಚ್ಚುಗಳಿಗೇ ಕೋಟಿಗಟ್ಟಲೆ ರೂಪಾಯಿ ತಗಲುತ್ತದೆ. ಚಿಪ್ ಕೈಗೆ ಬಂದ ಮೇಲೆ ತಪ್ಪು ಕಂಡುಬಂದರೆ ಹೊಸ ಅಚ್ಚು ಮಾಡಿಸಬೇಕು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ ಇಂಟೆಲ್ ಕಂಪನಿಯ ಪೆಂಟಿಯಂ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ತಮ್ಮ ಗಣಕಯಂತ್ರದ ಭಾಗಾಕಾರದ ಲೆಕ್ಕ ತಪ್ಪುತ್ತಿರುವುದನ್ನು ಪತ್ತೆ ಮಾಡಿದರು. 4195835 ಎಂಬ ಸಂಖ್ಯೆಯನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಪೆಂಟಿಯಂ 1.33374 ಎಂದು ತೋರಿಸುತ್ತಿತ್ತು. ಭಾಗಾಕಾರಕ್ಕೆಂದು ಚಿಪ್‌ನೊಳಗೆ ಇರಿಸಿದ್ದ ಕೋಷ್ಟಕದಲ್ಲಿ ತುಂಬಬೇಕಾಗಿದ್ದ 1066 ಮನೆಗಳ ಪೈಕಿ 5 ಮನೆಗಳು ಖಾಲಿ ಉಳಿದಿದ್ದೇ ಇದಕ್ಕೆ ಕಾರಣ. ಈ ಐದು ಖಾಲಿ ಮನೆಗಳಿಗಾಗಿ ಇಂಟೆಲ್ ತನ್ನ ಲೆಕ್ಕಪತ್ರದಲ್ಲಿ 47.5 ಕೋಟಿ ಡಾಲರ್ ನಷ್ಟವನ್ನು ತೋರಿಸಬೇಕಾಯಿತು.

ಮೂರು ದಶಕಗಳ ನಂತರವೂ ಈ ಸಂಕಟ ತೀರಿಲ್ಲ. ವಿಲ್ಸನ್ ರಿಸರ್ಚ್ ಗ್ರೂಪ್ ಹಾಗೂ ಸೀಮೆನ್ಸ್ 2024ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮೊದಲ ಯತ್ನದಲ್ಲೇ ಸರಿಯಾಗಿ ಕೆಲಸ ಮಾಡಿದ ಚಿಪ್ ಯೋಜನೆಗಳು ಶೇ 14 ಮಾತ್ರ. 2020ರಲ್ಲಿ ಈ ಪ್ರಮಾಣ ಶೇ 32 ಇತ್ತು. ಚಿಪ್‌ಗಳು ಸಂಕೀರ್ಣವಾಗುತ್ತ ಹೋದಂತೆ ಪರಿಶೀಲನೆ ಮಾಡಬಲ್ಲವರ ಅಗತ್ಯ ಏಕೆ ಹೆಚ್ಚುತ್ತಿದೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಮೆಕ್ಕೆಜೋಳದ ಚೀಲದ ಲೆಕ್ಕ

ಪರಿಶೀಲನೆ ಎಂದರೆ ಏನೆಂದು ತಿಳಿಯಲು ಮಾರುಕಟ್ಟೆ ಪ್ರಾಂಗಣದ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನೇ ತೆಗೆದುಕೊಳ್ಳಬಹುದು. ಅದರೊಳಗಿನ ಚಿಪ್ ತೂಕವನ್ನು ಗ್ರಾಂ ಲೆಕ್ಕದಲ್ಲಿ ಎಣಿಸುತ್ತದೆ, ಹಾಗೆ ಎಣಿಸಿದ ಸಂಖ್ಯೆಯನ್ನು 16 ಬಿಟ್‌ಗಳ ಕೋಶದಲ್ಲಿ ಇಡುತ್ತದೆ ಎಂದು ಭಾವಿಸೋಣ. ಹದಿನಾರು ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,535. ಅದಕ್ಕಿಂತ ಒಂದು ಹೆಚ್ಚಾದರೂ ಎಣಿಕೆ ಮತ್ತೆ ಸೊನ್ನೆಗೆ ಮರಳುತ್ತದೆ.

ಇಂಥ ಯಂತ್ರದ ಮೇಲೆ 50 ಕೆ.ಜಿ. ಮೆಕ್ಕೆಜೋಳದ ಚೀಲ ಇಟ್ಟರೆ ತೂಕ ಸರಿಯಾಗಿ ಬರುತ್ತದೆ. 60 ಕೆ.ಜಿ. ಚೀಲಕ್ಕೂ ಸರಿ. 66 ಕೆ.ಜಿ. ಚೀಲ ಇಟ್ಟ ಕೂಡಲೇ ಫಲಕದಲ್ಲಿ 464 ಗ್ರಾಂ ಎಂದು ಮೂಡುತ್ತದೆ. ಐವತ್ತು, ಅರವತ್ತು ಕೆ.ಜಿ.ಗಳ ಚೀಲಗಳಿಂದ ಮಾತ್ರ ಪರೀಕ್ಷೆ ನಡೆಸಿದ ಎಂಜಿನಿಯರ್‌ಗೆ ಈ ದೋಷ ಎಂದೂ ಕಾಣುವುದಿಲ್ಲ. ಕೋಶಕ್ಕೆ ಇನ್ನೊಂದೇ ಬಿಟ್ ಸೇರಿಸಿದ್ದರೆ 131 ಕೆ.ಜಿ.ವರೆಗೆ ಲೆಕ್ಕ ತಪ್ಪುತ್ತಿರಲಿಲ್ಲ. ಆದರೆ ಚಿಪ್ ತಯಾರಾದ ಮೇಲೆ ಆ ಒಂದು ಬಿಟ್ ಸೇರಿಸಲಾಗದು.

ಹಾಗಿದ್ದರೆ ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಬಹುದಲ್ಲವೇ? ಚಿಕ್ಕ ವಿನ್ಯಾಸದಲ್ಲಿ ಅದು ಸಾಧ್ಯ. ನಾಲ್ಕು ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡುವ ಮಂಡಲಕ್ಕೆ 256 ಪರೀಕ್ಷೆಗಳು ಸಾಕು. ಸಂಖ್ಯೆಗಳು 32 ಬಿಟ್‌ಗಳಷ್ಟು ದೊಡ್ಡವಾದರೆ ಜೋಡಿಗಳ ಸಂಖ್ಯೆ 18ರ ಮುಂದೆ 18 ಸೊನ್ನೆಗಳನ್ನು ಬರೆದಾಗ ಬರುವ ಸಂಖ್ಯೆಯನ್ನೂ ದಾಟುತ್ತದೆ. ಸೆಕೆಂಡಿಗೆ ನೂರು ಕೋಟಿ ಜೋಡಿಗಳನ್ನು ಪರೀಕ್ಷಿಸಿದರೂ ಕೆಲಸ ಮುಗಿಯಲು 584 ವರ್ಷ ಬೇಕು. ಇದು ಬರಿಯ ಒಂದು ಸಂಕಲನದ ಮಾತು, ಇಡೀ ಸಂಸ್ಕಾರಕದ್ದಲ್ಲ.

ಆದ್ದರಿಂದ ಪರಿಶೀಲಕರು ಮೂರು ಉಪಾಯಗಳನ್ನು ಅನುಸರಿಸುತ್ತಾರೆ. ಮೊದಲನೆಯದು, ನಿಗದಿತ ಮಿತಿಯೊಳಗೆ ಗಣಕವೇ ಸಾವಿರಾರು ಬಗೆಯ ಮೌಲ್ಯಗಳನ್ನು ಎತ್ತಿಕೊಂಡು ವಿನ್ಯಾಸಕ್ಕೆ ಕೊಡುವುದು. ಎರಡನೆಯದು, 'ಹೆಚ್ಚು ಭಾರ ಇಟ್ಟಾಗ ಫಲಕದ ಸಂಖ್ಯೆ ಕಡಿಮೆಯಾಗಕೂಡದು' ಎಂಬಂಥ ನಿಯಮಗಳನ್ನು ಬರೆದಿಟ್ಟು, ಅದು ಮುರಿದ ಕ್ಷಣದಲ್ಲೇ ಎಚ್ಚರಿಕೆ ಬರುವಂತೆ ಮಾಡುವುದು. ಇದಕ್ಕೆ 'ಅಸರ್ಷನ್' ಎನ್ನುತ್ತಾರೆ. ಮೂರನೆಯದು, ಯಾವ ಸಂದರ್ಭಗಳು ಪರೀಕ್ಷೆಗೆ ಒಳಪಟ್ಟಿವೆ, ಯಾವುವು ಇನ್ನೂ ಉಳಿದಿವೆ ಎಂಬ ಲೆಕ್ಕ ಇಡುವುದು; ಇದು 'ಕವರೇಜ್'. ಈ ಮೂರನ್ನೂ ಸುಲಭವಾಗಿ ಬರೆಯಲು ನೆರವಾಗುವುದೇ ಪರಿಶೀಲನಾ ಭಾಷೆಯ ಕೆಲಸ.

ವಿನ್ಯಾಸಕ್ಕೊಂದು ಭಾಷೆ, ಪರೀಕ್ಷೆಗೆ ಇನ್ನೊಂದು

ಚಿಪ್‌ಗಳನ್ನು ಚಿತ್ರ ಬರೆದು ವಿನ್ಯಾಸ ಮಾಡುತ್ತಿದ್ದ ಕಾಲದಲ್ಲಿ, 1984ರ ಸುಮಾರಿಗೆ, ಅಮೆರಿಕದ ಗೇಟ್‌ವೇ ಡಿಸೈನ್ ಆಟೊಮೇಷನ್ ಸಂಸ್ಥೆಯಲ್ಲಿ 'ವೆರಿಲಾಗ್' ಭಾಷೆ ರೂಪುಗೊಂಡಿತು. ಭಾರತ ಮೂಲದ ಪ್ರಭು ಗೋಯಲ್ ಆ ಸಂಸ್ಥೆಯ ಸ್ಥಾಪಕರು. ಭಾಷೆಯನ್ನು ರೂಪಿಸಿದವರಲ್ಲಿ ಪ್ರಮುಖರು ಫಿಲ್ ಮೂರ್ಬಿ. ನಂತರ ಗೇಟ್‌ವೇಯನ್ನು ಕೊಂಡ ಕೇಡೆನ್ಸ್ ಕಂಪನಿ 1990ರಲ್ಲಿ ಭಾಷೆಯನ್ನು ಸಾರ್ವಜನಿಕ ಬಳಕೆಗೆ ಬಿಟ್ಟಿತು. 1995ರಲ್ಲಿ ಅದು ಐಇಇಇ ಮಾನಕವಾಯಿತು. ಅಮೆರಿಕದ ರಕ್ಷಣಾ ಇಲಾಖೆಯ ಪ್ರೇರಣೆಯಿಂದ ಹುಟ್ಟಿದ ವಿಎಚ್‌ಡಿಎಲ್ ಎಂಬ ಇನ್ನೊಂದು ಭಾಷೆ 1987ರಲ್ಲೇ ಮಾನಕವಾಗಿತ್ತು.

ಇವೆರಡೂ ಮಂಡಲಗಳನ್ನು ವರ್ಣಿಸಲು ತಕ್ಕ ಭಾಷೆಗಳಾಗಿದ್ದರೂ ದೊಡ್ಡ ಪರೀಕ್ಷೆಗಳನ್ನು ಬರೆಯಲು ಸಾಲದಾದವು. ಹೀಗಾಗಿ ತೊಂಬತ್ತರ ದಶಕದಲ್ಲಿ ಪರೀಕ್ಷೆಗೆಂದೇ ಪ್ರತ್ಯೇಕ ಭಾಷೆಗಳು ಹುಟ್ಟಿಕೊಂಡವು. ಇಸ್ರೇಲಿನ ಯೋವ್ ಹೊಲ್ಯಾಂಡರ್ ರೂಪಿಸಿದ 'ಇ' ಎಂಬ ಏಕಾಕ್ಷರದ ಭಾಷೆ ಅವುಗಳಲ್ಲೊಂದು, 'ವೆರಾ' ಮತ್ತೊಂದು. ಎರಡೂ ಕಂಪನಿಗಳ ಸ್ವತ್ತಾಗಿದ್ದವು. ವೆರಾ ಭಾಷೆಯ ಒಡೆತನ ಹೊಂದಿದ್ದ ಸಿನಾಪ್ಸಿಸ್ ಕಂಪನಿ 2001ರಲ್ಲಿ ಅದನ್ನು 'ಓಪನ್ ವೆರಾ' ಎಂಬ ಹೆಸರಿನಲ್ಲಿ ತೆರೆದಿಟ್ಟಿತು. ಅದರ ಅಂಶಗಳನ್ನು ವೆರಿಲಾಗ್‌ನೊಡನೆ ಬೆಸೆದು ರೂಪುಗೊಂಡ 'ಸಿಸ್ಟಂ ವೆರಿಲಾಗ್' 2005ರಲ್ಲಿ ಮಾನಕವಾಯಿತು. ಅದರ ಮೇಲೆ ಕಟ್ಟಿದ ಯುವಿಎಂ ಎಂಬ ಪರೀಕ್ಷಾ ಪದ್ಧತಿ 2011ರಲ್ಲಿ ಬಂತು. ಇಂದು ಕಂಪನಿಗಳ ಸಂದರ್ಶನಗಳಲ್ಲಿ ಹೆಚ್ಚಾಗಿ ಕೇಳುವುದು ಇವೆರಡನ್ನೇ.

'ಮುಕ್ತ' ಎಂದರೆ ಯಾವುದು ಮುಕ್ತ?

ಇಲ್ಲಿ ಗೊಂದಲಕ್ಕೆ ಅವಕಾಶವಿದೆ. ಮುಕ್ತ ಭಾಷೆ ಎಂದಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕು.

ಒಂದು, ಭಾಷೆಯ ವ್ಯಾಕರಣವನ್ನು ವಿವರಿಸುವ ಮಾನಕ ಗ್ರಂಥ. ಸಿಸ್ಟಂ ವೆರಿಲಾಗ್ ಮಾನಕವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಎರಡು, ಆ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಸಾಮಗ್ರಿ. ಯುವಿಎಂ ಗ್ರಂಥಾಲಯದ ಆಕರ ಸಂಕೇತ ಅಪಾಚೆ ಪರವಾನಗಿಯಡಿ ಮುಕ್ತವಾಗಿದೆ. ಮೂರು, ಬರೆದದ್ದನ್ನು ಓದಿ ನಡೆಸಿ ತೋರಿಸುವ ತಂತ್ರಾಂಶ, ಅಂದರೆ ಸಿಮ್ಯುಲೇಟರ್. ತೊಡಕಿರುವುದು ಇಲ್ಲಿಯೇ. ವ್ಯಾಕರಣವೂ ಪುಸ್ತಕವೂ ಕೈಯಲ್ಲಿದ್ದರೂ ಅವುಗಳನ್ನು ಪೂರ್ಣವಾಗಿ ನಡೆಸಬಲ್ಲ ಸಿಮ್ಯುಲೇಟರ್‌ಗಳು ಬಹುಮಟ್ಟಿಗೆ ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್ ಎಂಬ ಮೂರು ಕಂಪನಿಗಳ ವಾಣಿಜ್ಯ ಉತ್ಪನ್ನಗಳಾಗಿದ್ದವು. ಅವುಗಳ ಪರವಾನಗಿ ಶುಲ್ಕ ವಿದ್ಯಾರ್ಥಿಯೊಬ್ಬರಿಗೆ ನಿಲುಕುವಂಥದ್ದಲ್ಲ. ಕಾಲೇಜು ಪರವಾನಗಿ ಕೊಂಡರೂ ಪ್ರಯೋಗಾಲಯದ ಬಾಗಿಲು ಮುಚ್ಚಿದ ಮೇಲೆ ಅಭ್ಯಾಸವೂ ನಿಲ್ಲುತ್ತದೆ.

ಈ ಗೋಡೆಯಲ್ಲಿ ಬಿರುಕು ಮೂಡಿಸಿದವು ಎರಡು ಮುಕ್ತ ತಂತ್ರಾಂಶಗಳು. ಸ್ಟೀಫನ್ ವಿಲಿಯಮ್ಸ್ 1998ರಲ್ಲಿ ಆರಂಭಿಸಿದ 'ಐಕಾರಸ್ ವೆರಿಲಾಗ್' ಮೊದಲನೆಯದು. ಎರಡನೆಯದಾದ 'ವೆರಿಲೇಟರ್' 1994ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಒಳ ಬಳಕೆಗಾಗಿ ಹುಟ್ಟಿತು. 1998ರಲ್ಲಿ ಕಂಪನಿ ಅದರ ಆಕರ ಸಂಕೇತವನ್ನು ಬಿಡುಗಡೆ ಮಾಡಲು ಒಪ್ಪಿತು. ನಂತರ ವಿಲ್ಸನ್ ಸ್ನೈಡರ್ ಅದನ್ನು ಹೊಸದಾಗಿ ಬರೆದು ಬೆಳೆಸಿದರು. ವೆರಿಲಾಗ್ ವಿನ್ಯಾಸವನ್ನು ಸಿ++ ಭಾಷೆಗೆ ಪರಿವರ್ತಿಸಿ ವೇಗವಾಗಿ ನಡೆಸುವುದು ಅದರ ವಿಶೇಷ. ಚಿಪ್ ಕಂಪನಿಗಳೂ ಅದನ್ನು ಬಳಸುತ್ತವೆ.

ಪೈಥಾನ್ ಬಲ್ಲವರಿಗೆ ಹತ್ತಿರದ ದಾರಿ

ಪರೀಕ್ಷೆಗೆ ಹೊಸ ಭಾಷೆಯನ್ನೇ ಏಕೆ ಕಲಿಯಬೇಕು, ಎಲ್ಲರೂ ಬಲ್ಲ ಸಾಮಾನ್ಯ ಭಾಷೆಯೊಂದನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಹಳೆಯದು. ಸಿ++ ಆಧಾರಿತ 'ಸಿಸ್ಟಂ ಸಿ' 1999ರಲ್ಲಿ ಪ್ರಕಟವಾದಾಗ ಇದೇ ಆಶಯ ಇತ್ತು. 2013ರಲ್ಲಿ ಬಂದ 'ಕೊಕೊಟಿಬಿ' ಎಂಬ ಮುಕ್ತ ತಂತ್ರಾಂಶ ಆ ಆಶಯವನ್ನು ಪೈಥಾನ್ ಭಾಷೆಗೆ ತಂದಿತು.

ಇಲ್ಲಿ ವಿನ್ಯಾಸ ಎಂದಿನಂತೆ ವೆರಿಲಾಗ್‌ನಲ್ಲಿಯೇ ಇರುತ್ತದೆ. ಪರೀಕ್ಷೆ ಮಾತ್ರ ಪೈಥಾನ್‌ನಲ್ಲಿ. ಮೇಲಿನ ತೂಕದ ಯಂತ್ರವನ್ನೇ ನೆನೆದರೆ, ಪೈಥಾನ್ ಕಾರ್ಯಕ್ರಮ ಸೊನ್ನೆಯಿಂದ ನೂರು ಕೆ.ಜಿ.ವರೆಗಿನ ಯಾವುದಾದರೂ ಒಂದು ತೂಕವನ್ನು ಎತ್ತಿಕೊಂಡು ವಿನ್ಯಾಸಕ್ಕೆ ಕೊಡುತ್ತದೆ. ಗಡಿಯಾರದ ಒಂದು ಮಿಡಿತ ಕಾಯುತ್ತದೆ. ಫಲಕಕ್ಕೆ ಹೋಗುವ ಸಂಖ್ಯೆಯನ್ನು ಓದಿ ತನ್ನದೇ ಲೆಕ್ಕದೊಡನೆ ಹೋಲಿಸುತ್ತದೆ. ಹೀಗೆ ಸಾವಿರ ಬಾರಿ ಮಾಡಿದರೆ ಸುಮಾರು 340 ಬಾರಿ ತೂಕ 65,535 ಗ್ರಾಂ ದಾಟಿರುತ್ತದೆ. ದೋಷ ಮೊದಲ ಕೆಲವೇ ಯತ್ನಗಳಲ್ಲಿ ಬಯಲಾಗುತ್ತದೆ. ಯಾವ ಕ್ಷಣದಲ್ಲಿ ಯಾವ ತಂತಿ ತಪ್ಪಿತು ಎಂಬುದನ್ನು 'ಜಿಟಿಕೆವೇವ್' ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಅಲೆಗಳ ಚಿತ್ರವಾಗಿ ನೋಡಬಹುದು.

ಇಷ್ಟಕ್ಕೆಲ್ಲ ಬೇಕಾಗುವುದು ಲಿನಕ್ಸ್ ಇರುವ ಒಂದು ಸಾಧಾರಣ ಗಣಕಯಂತ್ರ. ಐಕಾರಸ್, ವೆರಿಲೇಟರ್, ಜಿಟಿಕೆವೇವ್ ಮೂರೂ ಉಬುಂಟು ಭಂಡಾರದಲ್ಲಿಯೇ ಸಿಗುತ್ತವೆ. ಪರವಾನಗಿ ಶುಲ್ಕವಿಲ್ಲ, ಅವಧಿಯ ಮಿತಿಯೂ ಇಲ್ಲ.

ಚೆನ್ನೈನ 'ಶಕ್ತಿ'ಯ ನಿದರ್ಶನ

ಮುಕ್ತ ದಾರಿಯಲ್ಲಿ ನಿಜವಾದ ಚಿಪ್ ಮಾಡಬಹುದೇ ಎಂಬ ಸಂದೇಹಕ್ಕೆ ಮದ್ರಾಸ್ ಐಐಟಿಯ 'ಶಕ್ತಿ' ಯೋಜನೆ ಉತ್ತರವಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ 2010ರಲ್ಲಿ ಆರಂಭವಾದ 'ರಿಸ್ಕ್ ಫೈವ್' ಎಂಬ ಮುಕ್ತ ಆದೇಶ ಸಮೂಹವನ್ನು ಆಧರಿಸಿ ಈ ಸಂಸ್ಕಾರಕಗಳು ರೂಪುಗೊಂಡಿವೆ. 2018ರಲ್ಲಿ ಮೊದಲ ಚಿಪ್ ಅಮೆರಿಕದ ಇಂಟೆಲ್ ಘಟಕದಲ್ಲಿ ತಯಾರಾಯಿತು. ಅದೇ ವರ್ಷ ಇನ್ನೊಂದು ಚಿಪ್ ಚಂಡೀಗಢ ಬಳಿಯ ಸರ್ಕಾರಿ ಸೆಮಿ ಕಂಡಕ್ಟರ್ ಪ್ರಯೋಗಾಲಯದಲ್ಲಿ ತಯಾರಾಯಿತು.

ಶಕ್ತಿಯ ವಿನ್ಯಾಸ ಬರೆದಿರುವುದು ಬ್ಲೂಸ್ಪೆಕ್ ಭಾಷೆಯಲ್ಲಿ. ಯೋಜನೆ ಆರಂಭವಾದಾಗ ಆ ಭಾಷೆಯ ಕಂಪೈಲರ್ ವಾಣಿಜ್ಯ ಉತ್ಪನ್ನವಾಗಿತ್ತು. 2020ರಲ್ಲಿ ಅದೂ ಮುಕ್ತವಾಯಿತು. ಪರೀಕ್ಷೆಗಾಗಿ ಶಕ್ತಿ ತಂಡ ಪೈಥಾನ್ ಆಧಾರಿತ ಸಾಧನವೊಂದನ್ನು ಕಟ್ಟಿಕೊಂಡಿತು. ಅದು ಲೆಕ್ಕವಿಲ್ಲದಷ್ಟು ಚಿಕ್ಕ ಕಾರ್ಯಕ್ರಮಗಳನ್ನು ತಾನೇ ಹುಟ್ಟಿಸುತ್ತದೆ. ಒಂದೇ ಕಾರ್ಯಕ್ರಮವನ್ನು ಒಂದು ಕಡೆ ವಿನ್ಯಾಸದ ಮೇಲೆ, ಇನ್ನೊಂದು ಕಡೆ 'ಸ್ಪೈಕ್' ಎಂಬ ಮುಕ್ತ ಮಾದರಿಯ ಮೇಲೆ ನಡೆಸಿ ಫಲಿತಾಂಶ ತಾಳೆ ನೋಡುವುದು ಅಲ್ಲಿನ ಕ್ರಮ. ತಕ್ಕಡಿಯ ಒಂದು ತಟ್ಟೆಯಲ್ಲಿ ಮುದ್ರೆಯ ಬೊಟ್ಟು ಇಟ್ಟು ತೂಗುವ ಪದ್ಧತಿಗೂ ಇದಕ್ಕೂ ತತ್ವ ಒಂದೇ. ಈ ಎಲ್ಲ ಕಡತಗಳನ್ನೂ ದಾವಣಗೆರೆಯಲ್ಲಿ ಕುಳಿತ ವಿದ್ಯಾರ್ಥಿ ತೆರೆದು ಓದಬಹುದು.

ಮಿತಿಗಳೂ ಇವೆ

ಹಾಗೆಂದು ಮುಕ್ತ ಸಾಧನಗಳಿಂದಲೇ ಎಲ್ಲವೂ ಮುಗಿಯುತ್ತದೆ ಎಂದು ತಿಳಿಯುವುದು ತಪ್ಪಾದೀತು. ಐಕಾರಸ್ ಸಿಸ್ಟಂ ವೆರಿಲಾಗ್‌ನ ಒಂದು ಭಾಗವನ್ನು ಮಾತ್ರ ಅರ್ಥ ಮಾಡಿಕೊಳ್ಳುತ್ತದೆ. ವೆರಿಲೇಟರ್‌ನ 2022ರ ಐದನೇ ಆವೃತ್ತಿಯಲ್ಲಿ ಕಾಲಮಾನ ಆಧಾರಿತ ಪರೀಕ್ಷೆಗಳಿಗೆ ಬೆಂಬಲ ದೊರೆಯಿತು. ಯುವಿಎಂಗೆ ಬೇಕಾದ ಅಂಶಗಳನ್ನು ಹಂತ ಹಂತವಾಗಿ ಸೇರಿಸಲಾಗುತ್ತಿದೆ. ಆದರೂ ವಾಣಿಜ್ಯ ಸಿಮ್ಯುಲೇಟರ್‌ಗಳ ಪೂರ್ಣತೆ ಅದಕ್ಕೆ ಇನ್ನೂ ಬಂದಿಲ್ಲ. ಯುವಿಎಂ ಪದ್ಧತಿಯನ್ನು ಪೈಥಾನ್‌ನಲ್ಲಿಯೇ ಅಭ್ಯಾಸ ಮಾಡಿಸುವ 'ಪೈಯುವಿಎಂ' ಎಂಬ ಮುಕ್ತ ಗ್ರಂಥಾಲಯ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಪದ್ಧತಿಯ ತರ್ಕ ಅದರಲ್ಲಿ ತಿಳಿಯುತ್ತದೆ. ಕಂಪನಿಗಳಲ್ಲಿ ಬಳಸುವ ಭಾಷೆಯನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ.

ಮುಕ್ತ ಮಾರ್ಗದಲ್ಲಿರುವ ಸಂಸ್ಥೆಗಳೂ ಸ್ಥಿರವೆಂದು ಹೇಳಲಾಗದು. ಮುಕ್ತ ವಿನ್ಯಾಸಗಳನ್ನು ಕಡಿಮೆ ವೆಚ್ಚದಲ್ಲಿ ಚಿಪ್ ಆಗಿಸಿಕೊಡುತ್ತಿದ್ದ ಅಮೆರಿಕದ ಇಫ್ಯಾಬ್‌ಲೆಸ್ ಕಂಪನಿ 2025ರಲ್ಲಿ ಬಾಗಿಲು ಹಾಕಿತು. ಅದನ್ನು ನೆಚ್ಚಿಕೊಂಡಿದ್ದ ವಿದ್ಯಾರ್ಥಿ ಯೋಜನೆಗಳು ಬೇರೆ ದಾರಿ ಹುಡುಕಬೇಕಾಯಿತು. ಆದರೆ ಆಕರ ಸಂಕೇತ ತೆರೆದಿರುವ ತಂತ್ರಾಂಶ ಕಂಪನಿಯೊಡನೆ ಮಾಯವಾಗುವುದಿಲ್ಲ ಎಂಬುದು ಸಮಾಧಾನದ ಸಂಗತಿ.

ಅವಳಿ ಊರುಗಳಿಗೆ ಇದರಿಂದೇನು?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ದಿನದಿಂದ ಚಿಪ್ ವಿನ್ಯಾಸದ ಉದ್ಯೋಗಗಳು ಆ ನಗರದಲ್ಲಿಯೇ ಬೆಳೆದವು. ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಿಂದ ಬಾಪೂಜಿ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆ ಇವೆ. ನಂತರ ಬಂದ ಕಾಲೇಜುಗಳೂ ಇವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮೂರನೇ ಸೆಮಿಸ್ಟರ್‌ನಲ್ಲಿಯೇ ವೆರಿಲಾಗ್ ಓದುತ್ತಾರೆ. ವಿನ್ಯಾಸ ಬರೆಯುವುದು ಅಲ್ಲಿಗೆ ಪರಿಚಯವಾಗುತ್ತದೆ. ಅದನ್ನು ಒಡೆದು ನೋಡುವ ಪರಿಶೀಲನೆಯ ಕಲೆಗೆ ಮಾತ್ರ ಅನೇಕರು ಪದವಿ ಮುಗಿಸಿ, ಬೆಂಗಳೂರಿನ ಖಾಸಗಿ ತರಬೇತಿ ಕೇಂದ್ರಗಳಿಗೆ ಶುಲ್ಕ ತೆತ್ತು, ಬಾಡಿಗೆ ಕೋಣೆ ಹಿಡಿದು ಕಲಿಯಬೇಕಾಗುತ್ತದೆ. ಮನೆಯ ಪರಿಸ್ಥಿತಿ ಅನುಕೂಲವಿಲ್ಲದವರು ಅಲ್ಲಿಗೇ ಕೈಬಿಡುತ್ತಾರೆ.

ಸರ್ಕಾರದ ಕಡೆಯಿಂದಲೂ ಒಂದು ಬಾಗಿಲು ತೆರೆದಿದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಗಳ ಸೆಮಿ ಕಂಡಕ್ಟರ್ ಯೋಜನೆಗೆ ಒಪ್ಪಿಗೆ ನೀಡಿತು. 85,000 ಎಂಜಿನಿಯರ್‌ಗಳನ್ನು ತಯಾರು ಮಾಡುವ ಗುರಿಯ 'ಚಿಪ್ಸ್ ಟು ಸ್ಟಾರ್ಟಪ್' ಕಾರ್ಯಕ್ರಮದಡಿ, ಬೆಂಗಳೂರಿನ ಸಿ-ಡಾಕ್‌ನಲ್ಲಿರುವ 'ಚಿಪ್‌ಇನ್' ಕೇಂದ್ರವು ಆಯ್ದ ವಿದ್ಯಾಸಂಸ್ಥೆಗಳಿಗೆ ವಾಣಿಜ್ಯ ತಂತ್ರಾಂಶಗಳನ್ನು ದೂರದಿಂದಲೇ ಒದಗಿಸುತ್ತದೆ. ಅಂಥ ಸೌಲಭ್ಯ ದೊರೆತ ಕಾಲೇಜಿನ ವಿದ್ಯಾರ್ಥಿಗೆ ಅದು ದೊಡ್ಡ ಆಸರೆ. ಪಟ್ಟಿಯ ಹೊರಗುಳಿದವರಿಗೆ ಮುಕ್ತ ಸಾಧನಗಳೇ ಗತಿ. ಪಟ್ಟಿಯಲ್ಲಿದ್ದವರಿಗೂ ಮನೆಯ ಅಭ್ಯಾಸಕ್ಕೆ ಅವು ಬೇಕೇ ಬೇಕು.

ಆರಂಭಿಸಬಯಸುವವರಿಗೆ ಕ್ರಮ ಸರಳವಾಗಿದೆ. ತರಗತಿಯಲ್ಲಿ ಬರೆದ ನಾಲ್ಕು ಬಿಟ್‌ಗಳ ಸಂಕಲನ ಮಂಡಲವನ್ನೇ ಐಕಾರಸ್‌ನಲ್ಲಿ ನಡೆಸಿ, ಕೊಕೊಟಿಬಿಯಿಂದ 256 ಪರೀಕ್ಷೆಗಳನ್ನೂ ಮಾಡಿ ನೋಡುವುದು ಮೊದಲ ಮೆಟ್ಟಿಲು. ಬೇಕೆಂದೇ ವಿನ್ಯಾಸದಲ್ಲಿ ಒಂದು ತಪ್ಪು ಸೇರಿಸಿ, ತನ್ನ ಪರೀಕ್ಷೆ ಅದನ್ನು ಹಿಡಿಯುತ್ತದೆಯೇ ಎಂದು ನೋಡುವುದು ಎರಡನೆಯದು. ಸಹಪಾಠಿಯ ವಿನ್ಯಾಸವನ್ನು ಪಡೆದು ಅದರ ತಪ್ಪು ಹುಡುಕುವುದು ಮೂರನೆಯದು. ಆ ಬಳಿಕ ಶಕ್ತಿಯಂಥ ದೊಡ್ಡ ಮುಕ್ತ ಯೋಜನೆಯ ಒಂದು ಚಿಕ್ಕ ಭಾಗವನ್ನು ಎತ್ತಿಕೊಂಡು ಪರೀಕ್ಷೆ ಬರೆಯಬಹುದು. ದೋಷ ಸಿಕ್ಕರೆ ಅದನ್ನು ಯೋಜನೆಯವರಿಗೆ ತಿಳಿಸಬಹುದು. ಆ ದಾಖಲೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಕೆಲಸ ಕೇಳಲು ಹೋದಾಗ ಅಂಕಪಟ್ಟಿಯ ಜೊತೆಗೆ ತೋರಿಸಲು ಇದೂ ಒಂದು ಪುರಾವೆಯಾಗುತ್ತದೆ.

ಹರಿಹರದಿಂದ ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಓದುವ ವಿದ್ಯಾರ್ಥಿನಿಯ ಬಳಿ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಈ ನಾಲ್ಕೂ ಮೆಟ್ಟಿಲುಗಳನ್ನು ಮನೆಯಲ್ಲಿಯೇ ಹತ್ತಬಹುದು. ಉದ್ಯೋಗದ ಭರವಸೆಯನ್ನು ಯಾವ ಭಾಷೆಯೂ ಕೊಡಲಾರದು. ಆದರೆ ಶುಲ್ಕ ಕಟ್ಟಲಾಗದೆಂಬ ಒಂದೇ ಕಾರಣಕ್ಕೆ ಈ ಕಸುಬು ಕಲಿಯಲಾಗಲಿಲ್ಲ ಎಂಬ ಮಾತು ಮೊದಲಿನಷ್ಟು ನಿಜವಾಗಿ ಉಳಿದಿಲ್ಲ.